ಮತ ಎಣಿಕೆ ಮುಗಿದ ಮೇಲೂ ಉಳಿಯುವ ಲೆಕ್ಕ

ಹೊಸಪೇಟೆಯ ಒಂದು ಮನೆಯ ಮಾತಿದು. ಹೆಸರು ಬೇಡ. ಓದುವವರಲ್ಲಿ ಹಲವರಿಗೆ ಇದು ತಮ್ಮದೇ ಮನೆಯ ಕಥೆ ಎನಿಸಬಹುದು, ಅಷ್ಟು ಸಾಕು. ಇಬ್ಬರು ಅಣ್ಣತಮ್ಮಂದಿರು. 2018ರ ವಿಧಾನಸಭಾ ಚುನಾವಣೆಯಲ್ಲಿ ಇಬ್ಬರೂ ಒಂದೇ ಬಾವುಟ ಹಿಡಿದು, ಒಬ್ಬನೇ ಅಭ್ಯರ್ಥಿಗಾಗಿ ಓಣಿ ಓಣಿ ತಿರುಗಿದವರು. 2019ರ ಡಿಸೆಂಬರಿನಲ್ಲಿ ಉಪಚುನಾವಣೆ ಬಂದಾಗ ತಮ್ಮ ಆ ನಾಯಕನ ಹಿಂದೆ ಹೊಸ ಪಕ್ಷಕ್ಕೆ ಹೋದ. ಅಣ್ಣ ಹಳೆಯ ಪಕ್ಷದಲ್ಲೇ ಉಳಿದ. ಫಲಿತಾಂಶದ ದಿನ ತಮ್ಮ ಅಣ್ಣನ ಬಾಗಿಲ ಮುಂದೆ ಪಟಾಕಿ ಹಚ್ಚಿದ. ಅಣ್ಣ ಹೊರಗೆ ಬಂದು, ನೆರೆದ ಜನರೆದುರಿಗೆ, 'ನೀನು ಮುನಾಫಿಕ್, ನನ್ನ ಜನಾಝಕ್ಕೂ ಬರಬೇಡ' ಎಂದ. ಅಂದಿನಿಂದ ಪ್ರತಿ ಈದ್‌ನಲ್ಲೂ ಅವರ ತಾಯಿ ಶೀರ್‌ಖುರ್ಮಾವನ್ನು ಎರಡು ಪಾತ್ರೆಗಳಿಗೆ ಹಂಚಿ, ಒಂದೇ ಓಣಿಯ ಎರಡು ಮನೆಗಳಿಗೆ ತಾವೇ ಹೊತ್ತು ನಡೆದರು. ಕಡೆಗೊಂದು ದಿನ ಆ ತಾಯಿ ತೀರಿಕೊಂಡರು. ಜನಾಝ ನಮಾಝಿನಲ್ಲಿ ಮಕ್ಕಳಿಬ್ಬರೂ ಒಂದೇ ಸಫ್‌ನಲ್ಲಿ ನಿಂತಿದ್ದರು; ನಡುವೆ ನಾಲ್ಕು ಜನರಿದ್ದರು. ಸಲಾಮ್ ಹೇಳಿ ಬಲಕ್ಕೆ ಮುಖ ತಿರುಗಿಸಿದ ತಮ್ಮನ ದೃಷ್ಟಿ ಅಣ್ಣನ ಮೇಲೆ ಬಿತ್ತು. ಎಡಕ್ಕೆ ತಿರುಗಿದ ಅಣ್ಣ ನೆಲ ನೋಡಿದ.

ಈಗ ಸಾರ್ವಜನಿಕ ದಾಖಲೆಯ ಮಾತಿಗೆ ಬರೋಣ. 2018ರಲ್ಲಿ ವಿಜಯನಗರ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದವರು ಆನಂದ್ ಸಿಂಗ್. ಅವರೆದುರು ಬಿಜೆಪಿಯಿಂದ ನಿಂತು ಸೋತವರು ಎಚ್.ಆರ್. ಗವಿಯಪ್ಪ. 2019ರ ಜುಲೈನಲ್ಲಿ ಆನಂದ್ ಸಿಂಗ್ ರಾಜೀನಾಮೆ ಕೊಟ್ಟರು. ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು, ಕಾಂಗ್ರೆಸ್ಸಿನ ವೆಂಕಟರಾವ್ ಘೋರ್ಪಡೆಯವರನ್ನು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದರು. 2023ರಲ್ಲಿ ಬಿಜೆಪಿಯಿಂದ ಅವರ ಮಗ ಸಿದ್ಧಾರ್ಥ ಸಿಂಗ್ ಕಣಕ್ಕಿಳಿದಾಗ, ಕಾಂಗ್ರೆಸ್ಸಿನಿಂದ ಗೆದ್ದು ಬಂದವರು ಯಾರು? ಅದೇ ಗವಿಯಪ್ಪನವರು. ಐದು ವರ್ಷಗಳ ಒಳಗೆ ಎರಡೂ ಕಡೆಯ ಬಾವುಟಗಳು ಅದಲುಬದಲಾಗಿದ್ದವು. ಪಕ್ಷ ಬದಲಿಸುವುದು ರಾಜಕಾರಣಿಗಳ ಆಯ್ಕೆ. ಅದರ ಸರಿತಪ್ಪು ತೂಗಲು ಮತದಾರನಿದ್ದಾನೆ. ಅವರನ್ನು ದೂರುವುದು ಈ ಬರಹದ ಉದ್ದೇಶವಲ್ಲ. ನನ್ನ ಪ್ರಶ್ನೆ ನಮಗೆ. 2018ರಲ್ಲಿ ಯಾರ ವಿರುದ್ಧ ಘೋಷಣೆ ಕೂಗಿದ್ದನೋ ಅವರಿಗೇ ಆ ಅಣ್ಣ 2023ರಲ್ಲಿ ಮತ ಕೊಟ್ಟ. ನಾಯಕರು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ದಾಟಿಕೊಂಡರು, ಕಾರ್ಯಕರ್ತರು ದಾಟಿಕೊಂಡರು, ಮತಗಳು ದಾಟಿಕೊಂಡವು. ಒಂದೇ ಓಣಿಯ ಎರಡು ಬಾಗಿಲುಗಳ ನಡುವಿನ ಅಂತರವನ್ನು ಮಾತ್ರ ಒಂದೇ ಗರ್ಭದಲ್ಲಿ ಹುಟ್ಟಿದ ಇಬ್ಬರು ದಾಟಲಾರದೆ ಹೋದರು. ಇದು ಯಾವ ಪಕ್ಷದ ಸೋಲು?

ನಾನು ಹೇಳಬೇಕಾದದ್ದು ಇಷ್ಟೇ. ಮತದಾನ ನಮ್ಮ ಕೈಯಲ್ಲಿರುವ ಒಂದು ಸಾಕ್ಷ್ಯ, ಒಂದು ಅಮಾನತ್. ಅದನ್ನು ಹೇಗೆ ಕೊಟ್ಟೆವು ಎಂಬುದಕ್ಕೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕು. ಆದರೆ ಚುನಾವಣೆಯ ಫಲಿತಾಂಶವು ಯಾರ ಈಮಾನ್ ಎಷ್ಟಿದೆ ಎಂದು ಅಳೆಯುವ ತಕ್ಕಡಿಯಲ್ಲ. ಯಾರು ನಮ್ಮವರು, ಯಾರು ಅಲ್ಲ ಎಂದು ಹೇಳುವ ದೈವಿಕ ತೀರ್ಪೂ ಅಲ್ಲ. ಇವೆರಡನ್ನೂ ಬೆರೆಸಿಕೊಂಡ ದಿನದಿಂದ ನಮ್ಮ ಮೊಹಲ್ಲಾಗಳಲ್ಲಿ ಒಡಕು ಹುಟ್ಟಿದೆ. ಈ ಒಡಕನ್ನು ಹೊರಗಿನವರು ತಂದು ನಮ್ಮ ಮೇಲೆ ಹೇರಲಿಲ್ಲ. ನಾವೇ ಅದನ್ನು ಮನೆಯೊಳಗೆ ಕರೆದು, ಚಾಪೆ ಹಾಸಿ ಕೂರಿಸಿದೆವು.

ಫಲಿತಾಂಶವೆಂಬುದು ಎಷ್ಟು ಬೇಗ ಮಗ್ಗುಲು ಬದಲಿಸುತ್ತದೆ ಎಂಬುದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. 2018ರ ನವೆಂಬರ್ 6ನ್ನು ನೆನಪಿಸಿಕೊಳ್ಳಿ. ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನು ಒಳಗೊಂಡ ಬಳ್ಳಾರಿ ಲೋಕಸಭಾ ಕ್ಷೇತ್ರದ ಉಪಚುನಾವಣೆಯ ಮತ ಎಣಿಕೆ ನಡೆದ ದಿನ ಅದು. ನಮ್ಮ ಹಿಂದೂ ನೆರೆಹೊರೆಯವರ ಮನೆಗಳಲ್ಲಿ ದೀಪಾವಳಿಯ ಸಡಗರ. 2004ರಿಂದ ಒಂದೇ ಪಕ್ಷದ ಭದ್ರಕೋಟೆ ಎನಿಸಿದ್ದ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪನವರು ಬಿಜೆಪಿಯ ಜೆ. ಶಾಂತಾ ಅವರನ್ನು 2,43,161 ಮತಗಳ ಅಂತರದಿಂದ ಸೋಲಿಸಿದರು. ಗೆದ್ದವರೇ ಕಣ್ಣುಜ್ಜಿಕೊಂಡು ನೋಡುವಂಥ ಅಂತರ. ನಮ್ಮ ಓಣಿಗಳಲ್ಲಿ ಅಂದು ಹಂಚಿದ ಸಿಹಿಗೆ ಲೆಕ್ಕವಿರಲಿಲ್ಲ. 'ಅಲ್ಲಾಹನು ಕೋಟೆಯನ್ನು ಕೆಡವಿದ' ಎಂದು ಮಸೀದಿಯ ಅಂಗಳದಲ್ಲೇ ಹೇಳಿದವರಿದ್ದರು. ಆರೂವರೆ ತಿಂಗಳು ಕಳೆಯಿತು. 2019ರ ಮೇ 23ರಂದು ಅದೇ ಕ್ಷೇತ್ರ, ಅದೇ ಉಗ್ರಪ್ಪನವರು, ಅದೇ ಮತದಾರರು, ಬಿಜೆಪಿಯ ವೈ. ದೇವೇಂದ್ರಪ್ಪನವರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 2024ರ ಜೂನ್‌ನಲ್ಲಿ ಮತ್ತೆ ಮಗ್ಗುಲು ಬದಲು: ಸಂಡೂರಿನ ಇ. ತುಕಾರಾಂ ಅವರು ಬಿ. ಶ್ರೀರಾಮುಲು ಅವರನ್ನು ಸುಮಾರು 99 ಸಾವಿರ ಮತಗಳಿಂದ ಸೋಲಿಸಿದರು. ನವೆಂಬರಿನಲ್ಲಿ ಗೆಲುವು ಕೊಟ್ಟವನು ಅಲ್ಲಾಹನಾದರೆ ಮೇ ತಿಂಗಳಲ್ಲಿ ಸೋಲು ಕೊಟ್ಟವನಾರು? ಮೊದಲನೆಯದನ್ನು ಮಸೀದಿಯ ಅಂಗಳದಲ್ಲಿ ಸಾರಿದವರು ಎರಡನೆಯದರ ಬಗ್ಗೆ ಬಾಯಿ ಬಿಡಲಿಲ್ಲ.

ಅದೇ 2018ರ ನವೆಂಬರ್ 6ರಂದು ಅಮೆರಿಕದಲ್ಲಿಯೂ ಜನ ಮತಗಟ್ಟೆಗಳ ಮುಂದೆ ಸಾಲು ನಿಂತಿದ್ದರು. ಅಲ್ಲಿ ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಡುವೆ, ಸಂಸತ್ತಿಗೆ ಮಧ್ಯಂತರ ಚುನಾವಣೆ ನಡೆಯುತ್ತದೆ. ಅಂದು ಕೆಳಮನೆ ಡೆಮಾಕ್ರಟಿಕ್ ಪಕ್ಷದ ಕೈಗೆ ಬಂತು, ಮೇಲ್ಮನೆ ರಿಪಬ್ಲಿಕನ್ ಪಕ್ಷದ ಕೈಯಲ್ಲೇ ಉಳಿಯಿತು. ಇಲ್ಹಾನ್ ಉಮರ್ ಮತ್ತು ರಶೀದಾ ತ್ಲೈಬ್ ಆ ದೇಶದ ಸಂಸತ್ತಿಗೆ ಆಯ್ಕೆಯಾದ ಮೊದಲ ಮುಸ್ಲಿಮ್ ಮಹಿಳೆಯರಾದರು. ಬೆಂಗಳೂರಿನ ಕಂಪೆನಿಗಳ ಮೂಲಕ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಮಕ್ಕಳು ಆ ಸುದ್ದಿಯನ್ನು ಮನೆಗೆ ಕಳುಹಿಸಿದಾಗ ಇಲ್ಲಿಯೂ ಸಂತೋಷಪಟ್ಟೆವು. ಅದು ತಪ್ಪಲ್ಲ. ಆದರೆ ಆ ದೇಶದ ಮುಂದಿನ ಅಧ್ಯಾಯವನ್ನೂ ಓದಬೇಕು. 2020ರ ನವೆಂಬರಿನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸೋತರು. ಸೋಲನ್ನು ಒಪ್ಪದ ಅವರ ಬೆಂಬಲಿಗರು 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದರು. 2022ರ ಮಧ್ಯಂತರ ಚುನಾವಣೆಯಲ್ಲಿ ರಿಪಬ್ಲಿಕನ್ನರ ದೊಡ್ಡ ಅಲೆ ಏಳುತ್ತದೆಂದು ಸಮೀಕ್ಷಕರು ಹೇಳಿದ್ದರು, ಅಲೆ ಏಳಲಿಲ್ಲ. ಎರಡು ವರ್ಷ ಬಿಟ್ಟು ಟ್ರಂಪ್ ಮರಳಿ ಗೆದ್ದರು.

ಆ 2024ರ ನವೆಂಬರ್ 5ರ ಚುನಾವಣೆಯಲ್ಲಿ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್ ಎಂಬ ಊರಿನ ಮತಗಳನ್ನು ಗಮನಿಸಿ. ಅರಬ್ ಮೂಲದ ಮುಸ್ಲಿಮರು ದಟ್ಟವಾಗಿರುವ ಊರದು. ಗಾಝಾದ ನೋವು ಅಲ್ಲಿಯ ಪ್ರತಿ ಮನೆಯ ನೋವು. ಆದರೂ ಆ ಊರಿನ ಮತಗಳು ಮೂರು ಪಾಲಾದವು: ಕೆಲವರು ಟ್ರಂಪ್‌ಗೆ, ಕೆಲವರು ಕಮಲಾ ಹ್ಯಾರಿಸ್‌ಗೆ, ಕೆಲವರು ಹಸಿರು ಪಕ್ಷದ ಜಿಲ್ ಸ್ಟೈನ್‌ಗೆ. ಒಂದೇ ನೋವು ಉಂಡವರು, ಒಂದೇ ಕಿಬ್ಲಾದತ್ತ ನಿಲ್ಲುವವರು ಮೂರು ಬೇರೆ ಬೇರೆ ತೀರ್ಮಾನಗಳಿಗೆ ಬಂದರು. ಅವರಲ್ಲಿ ಯಾರ ತೀರ್ಮಾನ ಸರಿ ಎಂದು ವಾದಿಸಬಹುದು. ಯಾರ ಈಮಾನ್ ಸರಿ ಎಂದು ಅದರಿಂದ ಹೇಳಬಹುದೇ?

ನಮ್ಮ ಮೊದಲ ತಪ್ಪು ಇಲ್ಲಿದೆ: ಗೆಲುವನ್ನು ಅಲ್ಲಾಹನ ಮೆಚ್ಚುಗೆ ಎಂದೂ, ಸೋಲನ್ನು ಅವನ ಕೋಪ ಎಂದೂ ಓದುವುದು. ಉಹುದ್‌ನ ದಿನವನ್ನು ನಮ್ಮ ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ನಾವು ಮಾತ್ರ ಮರೆಯುತ್ತೇವೆ. ಚುನಾವಣೆ ಯುದ್ಧವಲ್ಲ, ಎದುರು ಪಕ್ಷದವನು ಶತ್ರುವಲ್ಲ. ಹಾಗೆಂದೇ ಉಹುದ್‌ನಿಂದ ನಾವು ಕಲಿಯಬೇಕಾದದ್ದು ಕಾದಾಟವನ್ನಲ್ಲ, ಸೋಲಿನ ನಂತರದ ನಡತೆಯನ್ನು. ಮದೀನದೊಳಗೇ ನಿಂತು ನಗರವನ್ನು ರಕ್ಷಿಸಬೇಕೆಂಬುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಹೊರಗೆ ಹೋಗಿ ಎದುರಿಸೋಣ ಎಂದು ಹೆಚ್ಚಿನವರು, ಅದರಲ್ಲೂ ಯುವಕರು, ಒತ್ತಾಯಿಸಿದರು. ಪ್ರವಾದಿವರ್ಯರು(ಸ) ಆ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟು ಹೊರಟರು. ಬೆಟ್ಟದ ಮೇಲೆ ನಿಲ್ಲಿಸಿದ್ದ ಬಿಲ್ಲುಗಾರರಲ್ಲಿ ಹೆಚ್ಚಿನವರು ಆಜ್ಞೆ ಮೀರಿ ಕೆಳಗಿಳಿದರು. ಎಪ್ಪತ್ತರಷ್ಟು ಸಹಾಬಿಗಳು ಹುತಾತ್ಮರಾದರು. ಅವರಲ್ಲಿ ಪ್ರವಾದಿವರ್ಯರ(ಸ) ಚಿಕ್ಕಪ್ಪ ಹಂಝ(ರ) ಅವರೂ ಒಬ್ಬರು. ಅಲ್ಲಾಹನ ಸಂದೇಶವಾಹಕರೇ ಇದ್ದ ಪಾಳೆಯಕ್ಕೆ ಇಂಥ ಹೊಡೆತ ಬಿದ್ದಾಗ, ಕುರ್‌ಆನ್ ಆಲಿ ಇಮ್ರಾನ್ ಅಧ್ಯಾಯದಲ್ಲಿ ಕೊಟ್ಟ ವಿವರಣೆಯೇನು? ಇಂಥ ದಿನಗಳನ್ನು ಜನರ ನಡುವೆ ಸರದಿಯಂತೆ ತಿರುಗಿಸಲಾಗುತ್ತದೆ ಎಂದು. ಸೋಲು ಗೆಲುವುಗಳು ಸರದಿಯ ದಿನಗಳು; ಅವು ಪರೀಕ್ಷೆಯ ಪ್ರಶ್ನೆಪತ್ರಿಕೆ, ಅಂಕಪಟ್ಟಿಯಲ್ಲ.

ಇನ್ನೂ ಮುಖ್ಯವಾದುದು ಮುಂದಿದೆ. ಯಾರ ಒತ್ತಾಯದಿಂದ ಹೊರಗೆ ಹೋಗಬೇಕಾಯಿತೋ, ಯಾರ ಅವಿಧೇಯತೆಯಿಂದ ಪೆಟ್ಟು ಬಿತ್ತೋ, ಅವರ ವಿಷಯದಲ್ಲಿ ಬಂದ ಆದೇಶ ಯಾವುದು? ಅವರನ್ನು ಕ್ಷಮಿಸಿ, ಅವರಿಗಾಗಿ ಪಾಪವಿಮೋಚನೆಯನ್ನು ಬೇಡಿ, ಮುಂದಿನ ಕಾರ್ಯಗಳಲ್ಲೂ ಅವರೊಡನೆ ಸಮಾಲೋಚಿಸಿ ಎಂದು. ಪ್ರವಾದಿವರ್ಯರು(ಸ) ಕಠೋರ ಹೃದಯಿಯಾಗಿದ್ದರೆ ಜನ ಅವರ ಸುತ್ತಲಿಂದ ಚದುರಿಹೋಗುತ್ತಿದ್ದರು ಎಂದೂ ಅದೇ ವಚನ ಎಚ್ಚರಿಸುತ್ತದೆ. ಸಹೋದರರೇ, ತಪ್ಪು ತೀರ್ಮಾನ ಮಾಡಿದವರನ್ನು ಆ ಸಮಾಜ ಹೊರಗೆ ಹಾಕಲಿಲ್ಲ. ಮತ್ತೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅಭಿಪ್ರಾಯ ಕೇಳಿತು. ನಾವು? ವಾರ್ಡ್ ಮಟ್ಟದ ಒಂದು ಸೋಲಿಗೆ ಇಪ್ಪತ್ತು ವರ್ಷಗಳ ಗೆಳೆಯನ ಮೊಬೈಲ್ ಸಂಖ್ಯೆಯನ್ನು ಅಳಿಸುತ್ತೇವೆ.

ಸೋಲಿನ ನಡತೆ ಉಹುದ್‌ನಲ್ಲಿದ್ದರೆ ಗೆಲುವಿನ ನಡತೆ ಮಕ್ಕಾ ವಿಜಯದಲ್ಲಿದೆ. ತಮ್ಮನ್ನು ಹುಟ್ಟೂರಿನಿಂದ ಹೊರಗಟ್ಟಿದವರ ನಗರಕ್ಕೆ ಗೆದ್ದು ಪ್ರವೇಶಿಸಿದ ದಿನ ಪ್ರವಾದಿವರ್ಯರ(ಸ) ತಲೆ ವಿನಯದಿಂದ ಬಾಗಿತ್ತು, ಗಡ್ಡ ಸವಾರಿಯ ಜೀನಿಗೆ ತಾಗುವಷ್ಟು. ಅಂದು ಹೊರಬಿದ್ದ ಘೋಷಣೆ ಕ್ಷಮೆಯದು. ನಮ್ಮ ಹುಡುಗರ ಗೆಲುವಿನ ದಿನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಸೋತವರ ಮನೆಯ ಮುಂದೆ ಬೈಕುಗಳ ಸದ್ದು, ಸ್ಟೇಟಸ್‌ನಲ್ಲಿ ಅಣಕದ ಹಾಡು. ಒಂದು ಪಂಗಡ ಇನ್ನೊಂದನ್ನು ಗೇಲಿ ಮಾಡಬಾರದು, ಗೇಲಿಗೊಳಗಾದವರೇ ಉತ್ತಮರಾಗಿರಬಹುದು ಎಂದು ಹುಜುರಾತ್ ಅಧ್ಯಾಯ ಕಲಿಸುತ್ತದೆ. ಆ ಅಧ್ಯಾಯವನ್ನು ಕಂಠಪಾಠ ಮಾಡಿದ ಹುಡುಗನೇ ಬೈಕಿನ ಹಿಂದೆ ಕೂತು ಬಾವುಟ ಬೀಸುತ್ತಿದ್ದುದನ್ನು ನಾನು ಕಂಡಿದ್ದೇನೆ.

2024ರ ನವೆಂಬರ್ 23ರಂದು ನಮ್ಮ ರಾಜ್ಯದ ಮೂರು ಉಪಚುನಾವಣೆಗಳ ಫಲಿತಾಂಶ ಬಂತು. ಸಂಡೂರಿನಲ್ಲಿ ಇ. ಅನ್ನಪೂರ್ಣ ತುಕಾರಾಂ ಅವರು ಬಂಗಾರು ಹನುಮಂತು ಅವರನ್ನು 9,649 ಮತಗಳಿಂದ ಸೋಲಿಸಿದರು. ಚನ್ನಪಟ್ಟಣದಲ್ಲಿ ನಿಖಿಲ್ ಕುಮಾರಸ್ವಾಮಿಯವರು ಸೋತರು. ಎಲ್ಲರೂ ಬೆರಗಾದದ್ದು ಹಾವೇರಿ ಜಿಲ್ಲೆಯ ಶಿಗ್ಗಾಂವಿಯ ಫಲಿತಾಂಶಕ್ಕೆ. ಬಸವರಾಜ ಬೊಮ್ಮಾಯಿಯವರು ಸತತ ನಾಲ್ಕು ಬಾರಿ ಗೆದ್ದಿದ್ದ ಕ್ಷೇತ್ರವದು. 2023ರಲ್ಲಿ ಅವರೆದುರು 35 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರು, ಈ ಸಲ ಬೊಮ್ಮಾಯಿಯವರ ಮಗ ಭರತ್ ಅವರನ್ನು 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಸಂಜೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದ ಮಾತು ಒಂದೇ: 'ನಾವು ಗೆದ್ದೆವು.' ಯಾರು ಈ 'ನಾವು'? ಶಿಗ್ಗಾಂವಿಯಲ್ಲಿ ಮುಸ್ಲಿಮರು ಬಹುಸಂಖ್ಯಾತರಲ್ಲ. ಹೊಲದಿಂದ ಬಂದು, ಸರತಿಯಲ್ಲಿ ನಿಂತು, ಪಠಾಣ್ ಎಂಬ ಹೆಸರಿನ ಎದುರಿನ ಗುಂಡಿ ಒತ್ತಿದ ಸಾವಿರಾರು ಲಿಂಗಾಯತ, ಕುರುಬ, ದಲಿತ ಕೈಗಳಿಲ್ಲದೆ ಆ ಗೆಲುವು ಸಾಧ್ಯವೇ ಇರಲಿಲ್ಲ. ಅಂಥ ನೆರೆಯವರಿಗೆ ಕೃತಜ್ಞತೆ ಹೇಳಬೇಕಾದ ದಿನ 'ನಾವು ಗೆದ್ದೆವು' ಎಂದು ಎದೆ ತಟ್ಟಿಕೊಳ್ಳುವುದು ಕೃತಘ್ನತೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಹದೀಸ್ ನಮಗೆ ಗೊತ್ತಿಲ್ಲವೇ?

ಎರಡನೆಯ ತಪ್ಪು ಇನ್ನೂ ಭಯಾನಕವಾದುದು: ಬೇರೆ ಪಕ್ಷಕ್ಕೆ ಮತ ಕೊಟ್ಟ ಸಹೋದರನನ್ನು ಮುನಾಫಿಕ್ ಎನ್ನುವುದು. ಕಪಟವಿಶ್ವಾಸ ಹೃದಯದ ರೋಗ. ಹೃದಯವನ್ನು ಬಲ್ಲವನು ಅಲ್ಲಾಹನೊಬ್ಬನೇ. ಕದನದ ನಡುವೆ ಕಲಿಮ ಉಚ್ಚರಿಸಿದ ಒಬ್ಬನನ್ನು, ಪ್ರಾಣಭಯದಿಂದ ಹೇಳಿದನೆಂದು ಎಣಿಸಿ ಕೊಂದ ಉಸಾಮ(ರ) ಅವರನ್ನು ಪ್ರವಾದಿವರ್ಯರು(ಸ) ಕೇಳಿದ ಪ್ರಶ್ನೆ, ಅವನ ಹೃದಯವನ್ನು ಸೀಳಿ ನೋಡಿದ್ದೆಯಾ ಎಂಬುದು. ಅಷ್ಟು ದೊಡ್ಡ ಸಹಾಬಿಗೇ ಇಲ್ಲದ ಅಧಿಕಾರ ನಮಗೆಲ್ಲಿಂದ ಬಂತು? ಮತಪೆಟ್ಟಿಗೆಯ ಮೇಲೆ ಹೆಸರು ಬರೆದಿರುವುದಿಲ್ಲ. ಆ ಸಹೋದರ ಯಾರಿಗೆ ಮತ ಕೊಟ್ಟ ಎಂಬುದೇ ಬಹುಪಾಲು ನಮ್ಮ ಊಹೆ. ಊಹೆಯ ಮೇಲೆ ಊಹೆಯನ್ನು ಪೇರಿಸಿ, ಅದರ ತುದಿಯಲ್ಲಿ ಕುಳಿತು ಸಹೋದರನ ಈಮಾನಿಗೆ ತೀರ್ಪು ಬರೆಯುತ್ತೇವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ನ್ಯಾಯವಾದ ಆಕ್ಷೇಪವೇ. 'ನೀವು ಹೇಳುವುದು ಸುಲಭ. 2022ರ ಫೆಬ್ರುವರಿಯ ಸಮವಸ್ತ್ರದ ಆದೇಶದಿಂದ ಕಾಲೇಜಿನ ಗೇಟಿನಿಂದ ಮರಳಿದ್ದು ನಮ್ಮ ಹೆಣ್ಣುಮಕ್ಕಳು. 2023ರ ಮಾರ್ಚ್‌ನಲ್ಲಿ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ತೆಗೆಯುವ ತೀರ್ಮಾನವಾದಾಗ ಭವಿಷ್ಯ ಅಲುಗಾಡಿದ್ದು ನಮ್ಮ ಮಕ್ಕಳದು. ಇದು ಕ್ರಿಕೆಟ್ ಪಂದ್ಯದ ಸೋಲುಗೆಲುವಲ್ಲ. ಇಷ್ಟಾದ ಮೇಲೂ ಆ ಕಡೆ ನಿಂತವನನ್ನು ತಬ್ಬಿಕೊಳ್ಳಬೇಕೆ?' ಈ ನೋವನ್ನು ನಾನು ಹಗುರಾಗಿ ಕಾಣುವುದಿಲ್ಲ. ಪುಸ್ತಕದ ಚೀಲ ಹೊತ್ತು ಗೇಟಿನಿಂದ ಮನೆಗೆ ಮರಳಿದ ಮಗಳ ಮುಖವನ್ನು ಕಂಡ ತಂದೆಗೆ ತಾಳ್ಮೆಯ ಉಪದೇಶ ಮಾಡುವ ಧೈರ್ಯ ನನಗಿಲ್ಲ.

ಆದರೆ ಆ ತಂದೆಗೆ ನಾನು ಕೇಳಬಹುದಾದದ್ದು ಒಂದಿದೆ. ಬೇರೆ ಕಡೆ ನಿಂತ ನಿಮ್ಮ ತಮ್ಮನೊಡನೆ ಮಾತು ಬಿಟ್ಟದ್ದರಿಂದ ಆ ಮಗಳಿಗೆ ಕಾಲೇಜಿನ ಬಾಗಿಲು ತೆರೆಯಿತೇ? ಅನ್ಯಾಯದ ವಿರುದ್ಧ ವಾದಿಸಬೇಕು, ಮನವಿ ಕೊಡಬೇಕು, ನ್ಯಾಯಾಲಯಕ್ಕೆ ಹೋಗಬೇಕು, ಮುಂದಿನ ಬಾರಿ ಯೋಚಿಸಿ ಮತ ಕೊಡಬೇಕು. ತಮ್ಮನ ಎದುರು ಕುಳಿತು, 'ನಿನ್ನ ಆಯ್ಕೆಯಿಂದ ನನ್ನ ಮಗಳಿಗೆ ಹೀಗಾಯಿತು' ಎಂದು ಮುಖಕ್ಕೆ ಹೇಳಬೇಕು. ಆದರೆ ಹೇಳಬೇಕಾದರೆ ಎದುರು ಕೂರಬೇಕು. ಮಾತು ಬಿಟ್ಟವನು ಯಾರನ್ನೂ ತಿದ್ದಲಾರ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದು ಮಾಇದಃ ಅಧ್ಯಾಯ ಆಜ್ಞಾಪಿಸುತ್ತದೆ. ವೈರಿಯ ವಿಷಯದಲ್ಲೇ ಇಷ್ಟು ಕಟ್ಟುನಿಟ್ಟಾದರೆ ರಕ್ತಸಂಬಂಧಿಯ ವಿಷಯದಲ್ಲಿ ಎಷ್ಟಿರಬೇಡ? ಸಹೋದರನೊಡನೆ ಮೂರು ರಾತ್ರಿಗಳಿಗಿಂತ ಹೆಚ್ಚು ಮಾತು ಬಿಡುವುದು ಮುಸ್ಲಿಮನಿಗೆ ಸಲ್ಲದು, ಅವರಿಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಮೂರು ರಾತ್ರಿ, ಐದು ವರ್ಷದ ಒಂದು ಅವಧಿಯಲ್ಲ.

ಇನ್ನು ಈ ಒಡಕಿನಿಂದ ಲಾಭ ಪಡೆಯುವವರ ಮಾತು. ಅವರು ನಮ್ಮ ನಡುವೆಯೇ ಇದ್ದಾರೆ. ಚುನಾವಣೆ ಹತ್ತಿರ ಬಂದಾಗ, 'ಈ ಮೊಹಲ್ಲಾದ ಇಷ್ಟು ಮತ ನನ್ನ ಜೇಬಿನಲ್ಲಿದೆ' ಎಂದು ಎರಡೂ ಪಕ್ಷಗಳ ಬಾಗಿಲು ತಟ್ಟುವವರು. ಖಬರಸ್ತಾನದ ಕಾಂಪೌಂಡ್ ಗೋಡೆಗೆ, ಶಾದಿಮಹಲಿನ ಛಾವಣಿಗೆ ಇಡೀ ಜಮಾಅತ್‌ನ ಸಾಕ್ಷ್ಯವನ್ನು ಒತ್ತೆಯಿಡುವವರು. ಸಾಕ್ಷ್ಯ ಎಂಬ ಮಾತನ್ನು ನಾನು ತಿಳಿದೇ ಬಳಸುತ್ತಿದ್ದೇನೆ. ಮತ ಕೊಡುವುದೆಂದರೆ, ಈ ವ್ಯಕ್ತಿ ಈ ಹೊಣೆಗೆ ಅರ್ಹ ಎಂದು ಸಾಕ್ಷಿ ನುಡಿದಂತೆ. ಸ್ವಂತ ನಿಮ್ಮ ವಿರುದ್ಧವೇ ಆದರೂ, ತಂದೆತಾಯಿ ಬಂಧುಗಳ ವಿರುದ್ಧವೇ ಆದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ಎಂದು ನಿಸಾ ಅಧ್ಯಾಯ ಕರೆಯುತ್ತದೆ. ಒಬ್ಬನ ಸಾಕ್ಷ್ಯವನ್ನು ಇನ್ನೊಬ್ಬ ಮಾರಲಾದೀತೇ? ಈ ದಲ್ಲಾಳಿಗಳಿಗೆ ನಮ್ಮ ಒಡಕು ಬೇಕು. ಅಣ್ಣತಮ್ಮಂದಿರು ಕೂತು ಮಾತನಾಡಿದರೆ ಅವರ ಜೇಬು ಖಾಲಿಯಾಗುತ್ತದೆ.

ನಮ್ಮ ಸೀಮೆಯ ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. ಸಂಡೂರು, ಕಂಪ್ಲಿ ವಿಧಾನಸಭಾ ಕ್ಷೇತ್ರಗಳೂ ಬಳ್ಳಾರಿ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಆ ಕಣಗಳಲ್ಲಿ 'ನಮ್ಮ ಜಾತಿಯವ' ಎಂದು ನಾವು ಮತ ಕೊಡುವ ಪ್ರಶ್ನೆಯೇ ಇಲ್ಲ. ಇದನ್ನು ಕೊರತೆ ಎಂದು ಕೆಲವರು ಭಾವಿಸುತ್ತಾರೆ. ನಾನು ಇದನ್ನು ಅನುಗ್ರಹ ಎನ್ನುತ್ತೇನೆ. ಯಾವ ಪಕ್ಷಪಾತದ ಸೆಳೆತವೂ ಇಲ್ಲದೆ, ಯಾರು ಪ್ರಾಮಾಣಿಕ, ಯಾರು ಬಡವನ ದೂರು ಕೇಳುವವ, ಸಂಡೂರಿನ ಬೆಟ್ಟದ ಅದಿರಿನ ಧೂಳು ಮಕ್ಕಳ ಎದೆಗಿಳಿಯದಂತೆ ಯಾರು ನೋಡಿಕೊಂಡಾರು ಎಂದಷ್ಟೇ ಕೇಳಿ ಸಾಕ್ಷಿ ನುಡಿಯುವ ಅವಕಾಶ ನಮಗಿದೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಕೆಲಸ ಕಳೆದುಕೊಂಡ ಲಾರಿ ಚಾಲಕರಲ್ಲಿ ಎಲ್ಲ ಧರ್ಮದವರೂ, ಎಲ್ಲ ಪಕ್ಷದವರೂ ಇದ್ದರು.

ಹಂಪಿಯ ಅವಶೇಷಗಳ ನಡುವೆ ಒಂದು ಸಣ್ಣ ಕಟ್ಟಡವಿದೆ. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬ ಮುಸ್ಲಿಮ್ ಅಧಿಕಾರಿ ಅದನ್ನು 1439ರಲ್ಲಿ ಕಟ್ಟಿಸಿದ. ಇಂದು ಅದನ್ನು ಮಸೀದಿ ಎನ್ನುತ್ತಾರೆ. ಅಲ್ಲಿಯ ಕನ್ನಡ ಶಾಸನದಲ್ಲಿ ಅದರ ಹೆಸರು ಧರ್ಮಸಾಲೆ. ಅದರ ಪುಣ್ಯ ತನ್ನ ಅರಸನಿಗೆ ಸಲ್ಲಲಿ ಎಂದು ಅವನು ಕೋರಿದ್ದಾನೆ. ತನ್ನ ನಂಬಿಕೆಯನ್ನು ಬಿಡದೆಯೇ ನೆರೆಯವರ ಭಾಷೆಯಲ್ಲಿ, ನೆರೆಯವರ ಪದದಲ್ಲಿ, ಆಳುವವನ ಒಳಿತನ್ನು ಬಯಸಿದ ಪೂರ್ವಜನೊಬ್ಬ ನಮಗಿದ್ದಾನೆ. ಪ್ರತಿ ಚುನಾವಣೆಯಲ್ಲೂ ಹಂಪಿಯ ಕಲ್ಲುಗಳನ್ನು ಎತ್ತಿ ಒಬ್ಬರ ಮೇಲೊಬ್ಬರು ಎಸೆಯುವವರಿಗೂ, ಆ ಏಟಿಗೆ ಸಿಟ್ಟಿನಿಂದ ಅಷ್ಟೇ ದೊಡ್ಡ ಕಲ್ಲು ಹುಡುಕುವ ನಮ್ಮವರಿಗೂ ಆ ಶಾಸನವನ್ನು ಓದಿಸಬೇಕು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಚೈನ್ ತುಂಡಾಗಿ, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಧುಮುಕಿತು. ಭತ್ತದ ಪೈರು ನಂಬಿದ್ದ ಕಂಪ್ಲಿಯ ರೈತರು ನಿದ್ದೆಗೆಟ್ಟರು. ಆ ನೀರು ಯಾರ ಮನೆಯ ಮೇಲೆ ಯಾವ ಬಾವುಟವಿದೆ ಎಂದು ಕೇಳಲಿಲ್ಲ. ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಭೋರ್ಗರೆವ ನೀರಿನ ನಡುವೆಯೇ ಉಕ್ಕಿನ ಫಲಕಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದ ಕಾರ್ಮಿಕರನ್ನೂ ಯಾರೂ ಪಕ್ಷ ಕೇಳಲಿಲ್ಲ. ಮಸೀದಿಗಳಲ್ಲಿ ದುಆ ಮಾಡಿದವರಲ್ಲಿ ಎರಡೂ ಪಕ್ಷದವರಿದ್ದರು. ಆ ಅಣೆಕಟ್ಟಿಗೆ 33 ಗೇಟುಗಳು; ಒಂದು ಹೋದರೆ ಉಳಿದ 32 ಗಟ್ಟಿಯಾಗಿದ್ದೂ ನೀರು ನಿಲ್ಲುವುದಿಲ್ಲ. ಸಮುದಾಯವೂ ಹಾಗೆಯೇ. ಮುಸ್ಲಿಮ್ ಸಹೋದರರಿಬ್ಬರು ಮಾತು ಬಿಟ್ಟ ಜಾಗದಲ್ಲಿ ಒಂದು ಗೇಟು ಕೊಚ್ಚಿಹೋಗಿದೆ. ಅಲ್ಲಿಂದ ಹರಿದುಹೋಗುತ್ತಿರುವುದು ನಮ್ಮೆಲ್ಲರ ನೀರು.

ಹಾಗಾದರೆ ಏನು ಮಾಡಬೇಕು? ಮುಂದಿನ ಚುನಾವಣೆ ಯಾವುದೇ ಇರಲಿ, ನಗರಸಭೆಯದೋ, ಪಂಚಾಯತಿಯದೋ, ವಿಧಾನಸಭೆಯದೋ, ಈಗಲೇ ತೀರ್ಮಾನಿಸೋಣ. ಮಸೀದಿಯ ಅಂಗಳ ಯಾವ ಪಕ್ಷದ ಕಚೇರಿಯೂ ಆಗದಿರಲಿ; ಮಿಂಬರ್‌ನಿಂದ ಮತದಾನದ ಹೊಣೆಯನ್ನು ತಿಳಿಸಲಿ, ಅಭ್ಯರ್ಥಿಯ ಹೆಸರನ್ನಲ್ಲ. ಜಮಾಅತ್‌ನ ಹಿರಿಯರು ಯಾರ ಮತಕ್ಕೂ ಮಾತು ಕೊಡದಿರಲಿ. ಗೆದ್ದವರ ಬಳಿಗೆ ಹಾರ ಹಿಡಿದು ಓಡುವ ಬದಲು, ಓಣಿಯ ಚರಂಡಿ, ಉರ್ದು ಶಾಲೆಯ ಶಿಕ್ಷಕರ ಕೊರತೆ, ಕುಡಿಯುವ ನೀರು ಎಂದು ಬರೆದ ಮನವಿ ಹಿಡಿದು ಎಲ್ಲ ಸಮುದಾಯದವರೊಡನೆ ಹೋಗೋಣ. ಅಬೂಬಕರ್ ಸಿದ್ದೀಕ್(ರ) ಅವರು ಹೊಣೆ ಹೊತ್ತ ದಿನವೇ, ತಾವು ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು ಜನರನ್ನು ಕೇಳಿಕೊಂಡರು. ಆಳುವವರನ್ನು ತಿದ್ದುವುದು ನಮ್ಮ ಕೆಲಸ, ಪೂಜಿಸುವುದಲ್ಲ. ಇನ್ನು ಫಲಿತಾಂಶದ ಸಂಜೆ, ಸೋತ ಕಡೆಯಲ್ಲಿದ್ದ ನಮ್ಮ ಸಂಬಂಧಿಯ, ನಮ್ಮ ಹಿಂದೂ ನೆರೆಯವನ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಬರೋಣ. ಇದಕ್ಕೆ ಯಾವ ಪಕ್ಷದ ಅನುಮತಿಯೂ ಬೇಕಿಲ್ಲ.

ಸೋಮವಾರ ಮತ್ತು ಗುರುವಾರಗಳಂದು ದಾಸರ ಪಾಪಗಳನ್ನು ಮನ್ನಿಸಲಾಗುತ್ತದೆ, ಪರಸ್ಪರ ಹಗೆ ಸಾಧಿಸುವ ಇಬ್ಬರನ್ನು ಮಾತ್ರ ಅವರು ರಾಜಿಯಾಗುವವರೆಗೆ ತಡೆದಿಡಲಾಗುತ್ತದೆ ಎಂದು ಹದೀಸ್ ತಿಳಿಸುತ್ತದೆ. ಹೊಸಪೇಟೆಯ ಆ ಇಬ್ಬರು ಅಣ್ಣತಮ್ಮಂದಿರ ಪಾಲಿಗೆ ಎಷ್ಟು ಸೋಮವಾರಗಳು, ಎಷ್ಟು ಗುರುವಾರಗಳು ಹೀಗೆ ಬಾಗಿಲಾಚೆ ನಿಂತುಹೋದವು! ಮತ ಎಣಿಕೆಯನ್ನು ಅಧಿಕಾರಿಗಳು ಅದೇ ದಿನ ಮಧ್ಯಾಹ್ನದೊಳಗೆ ಮುಗಿಸಿದರು. ಈ ಎಣಿಕೆ ಇನ್ನೂ ನಡೆದೇ ಇದೆ, ಮತ್ತು ಇದರಲ್ಲಿ ಮರುಎಣಿಕೆಗೆ ಅವಕಾಶವಿಲ್ಲ.

ತಾಯಿಯ ಶೀರ್‌ಖುರ್ಮಾದ ಎರಡು ಪಾತ್ರೆಗಳಲ್ಲಿ ಒಂದು ಅಣ್ಣನ ಮನೆಯಲ್ಲಿದೆ, ಇನ್ನೊಂದು ತಮ್ಮನ ಮನೆಯಲ್ಲಿ. ಈ ಬರಹ ಅವರಿಬ್ಬರ ಕಣ್ಣಿಗೂ ಬೀಳಬಹುದು. ಅವರಲ್ಲಿ ನನ್ನ ವಿನಂತಿ: ಬರುವ ಈದ್‌ಗೆ ಕಾಯಬೇಡಿ. ಇಂದೇ ಇಶಾ ನಮಾಝಿನ ನಂತರ ನಿಮ್ಮಲ್ಲಿ ಒಬ್ಬರು ಆ ಪಾತ್ರೆಯನ್ನು ಎತ್ತಿಕೊಂಡು ಆ ಓಣಿಯನ್ನು ದಾಟಿ. ಯಾರು ಮೊದಲು ದಾಟುತ್ತಾರೋ ಅವರೇ ಗೆದ್ದವರು.

ನಮ್ಮ ಹೃದಯಗಳನ್ನು ಬೆಸೆಯುವವನೇ, ನಮ್ಮ ಮನೆಗಳನ್ನು ಒಡಕಿನಿಂದ ಕಾಪಾಡು. ಗೆಲುವಿನಲ್ಲಿ ಅಹಂಕಾರವನ್ನೂ ಸೋಲಿನಲ್ಲಿ ನಿರಾಶೆಯನ್ನೂ ನಮ್ಮಿಂದ ದೂರವಿಡು. ನ್ಯಾಯಕ್ಕೆ ಸಾಕ್ಷಿಗಳಾಗುವ ಬಲವನ್ನು ನಮಗೆ ದಯಪಾಲಿಸು. ಆಮೀನ್.